ಎಷ್ಟಕ್ಕೆ ಕೇಳೋಣ? ಮನೆ ಕೊಳ್ಳುವ ಮುಂಚೆ ಗಂಡ-ಹೆಂಡತಿ ಕೂತು ಮಾಡಬೇಕಾದ ಲೆಕ್ಕ

ಮಾಲೀಕರು ಹೇಳಿದ್ದು 85 ಲಕ್ಷ. ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಎರಡು ಬೆಡ್‌ರೂಮಿನ ಹಳೇ ಫ್ಲ್ಯಾಟು. ಕಾಫಿ ಬಂತು. ನಮ್ಮವರು ಲೋಟ ಕೆಳಗಿಟ್ಟು, ಗಂಟಲು ಸರಿ ಮಾಡಿಕೊಂಡು, "76ಕ್ಕೆ ಕೊಡೋದಾದರೆ ಈಗಲೇ ಟೋಕನ್ ಅಡ್ವಾನ್ಸ್ ಕೊಡ್ತೀವಿ" ಅಂದರು. ಮಾಲೀಕರು ಬಾಯಿ ತೆರೆಯುವ ಮೊದಲೇ ನಾನು, "ರೀ, ಅಷ್ಟು ಕಡಿಮೆಗೆ ಯಾರು ಕೊಡ್ತಾರೆ?" ಅಂದುಬಿಟ್ಟೆ.

ಮಾಲೀಕರು ಜೋರಾಗಿ ನಕ್ಕರು. "ನೋಡಿ ಸರ್, ಮೇಡಮ್ಮೇ ನನ್ನ ಪರ!" ಆಮೇಲೆ ಅವರು ಎಂಬತ್ತನಾಲ್ಕೂವರೆಯಿಂದ ಕೆಳಗೆ ಇಳಿಯಲೇ ಇಲ್ಲ. ವಾಪಸ್ ಬರುವಾಗ ಸ್ಕೂಟರಿನಲ್ಲಿ ಮೈಸೂರು ರಸ್ತೆ ಮುಗಿಯುವವರೆಗೂ ಇಬ್ಬರೂ ಪಿಟಕ್ಕೆನ್ನಲಿಲ್ಲ.

ಆ ಮನೆ ಬಿಟ್ಟೆವು. ಮುಂದಿನ ಮನೆ ಹೊತ್ತಿಗೆ ಸ್ವಲ್ಪ ಬುದ್ಧಿ ಬಂದಿತ್ತು. ಜಗಳ ಆಡುವುದಾದರೆ ನಮ್ಮ ಅಡುಗೆಮನೆಯಲ್ಲೇ ಆಡಿ ಮುಗಿಸೋಣ, ಬೇರೆಯವರ ಹಾಲ್‌ನಲ್ಲಿ ಬೇಡ ಅಂತ ತೀರ್ಮಾನ ಮಾಡಿದೆವು. ಮುಂದೆ ಬರೆದಿರುವುದು ಆ ಎರಡನೇ ಸಲ ಮಾಡಿದ ಕ್ರಮ. ಆ ಮನೆಗೆ ಹೇಳಿದ್ದು 86 ಲಕ್ಷ.

ಮೊದಲು: ಎರಡು ಚೀಟಿ

ಇಬ್ಬರೂ ಬೇರೆ ಬೇರೆ ಕೂತು ಮೂರು ಅಂಕಿ ಬರೆಯಿರಿ. ಎಷ್ಟರಿಂದ ಕೇಳಲು ಶುರು ಮಾಡಬೇಕು, ಎಷ್ಟಕ್ಕೆ ಸಿಕ್ಕರೆ ಖುಷಿ, ಎಷ್ಟು ದಾಟಿದರೆ ಎದ್ದು ಬರಬೇಕು. ಮೂರನೆಯದರ ಕೆಳಗೆ ಯಾಕೆ ಅಂತ ಒಂದೇ ಸಾಲು. ಒಬ್ಬರದ್ದು ಒಬ್ಬರು ನೋಡಬಾರದು. ಮೊದಲು ಬಾಯಿಬಿಟ್ಟವರ ಅಂಕಿಗೆ ಇನ್ನೊಬ್ಬರ ಅಂಕಿ ಅಂಟಿಕೊಳ್ಳುತ್ತದೆ, ಅಥವಾ ಬೇಕಂತಲೇ ದೂರ ಓಡುತ್ತದೆ. ಎರಡೂ ಕೆಲಸಕ್ಕೆ ಬಾರದ್ದು.

ನಮ್ಮವರ ಚೀಟಿಯಲ್ಲಿ 76, 78, 80 ಇತ್ತು. ಕಾರಣ: "ಕಂತು 56 ಸಾವಿರ ದಾಟಿದರೆ ನಿದ್ದೆ ಬರಲ್ಲ." ನನ್ನದರಲ್ಲಿ 80, 82, 84. ಕಾರಣ: "ಮಗಳು ಶಾಲೆಗೆ ನಡೆದೇ ಹೋಗಬಹುದು. ಇನ್ನೊಂದು ಮನೆ ನೋಡೋ ಶಕ್ತಿ ನನಗಿಲ್ಲ."

ಗಮನಿಸಿ, ಅವರ ಕಾರಣದಲ್ಲಿ ಮನೆ ಇಲ್ಲ, ನನ್ನದರಲ್ಲಿ ದುಡ್ಡಿಲ್ಲ. ಸುಮ್ನೆ ಬಾಯಲ್ಲಿ ವಾದ ಮಾಡಿದ್ದರೆ ಇದು ಯಾವತ್ತೂ ಹೊರಗೆ ಬರುತ್ತಿರಲಿಲ್ಲ. ನಾನು "ಜುಗ್ಗ" ಅನ್ನುತ್ತಿದ್ದೆ, ಅವರು "ನಿನಗೆ ದುಡ್ಡಿನ ಬೆಲೆ ಗೊತ್ತಿಲ್ಲ" ಅನ್ನುತ್ತಿದ್ದರು. ಅಷ್ಟೇ.

ಆಮೇಲೆ: ಜಗಳದ ದುಡ್ಡನ್ನು ಬಿಡಿಸಿ ನೋಡಿ

ನಮ್ಮ ಕೊನೇ ಅಂಕಿಗಳ ನಡುವೆ ಇದ್ದದ್ದು 4 ಲಕ್ಷ. ಹಾಗೆ ನೋಡಿದರೆ ಅದು ದೊಡ್ಡ ಗುಡ್ಡ. ಆದರೆ 4 ಲಕ್ಷ ಒಂದೇ ಜೇಬಿನಿಂದ ಹೋಗುವುದಿಲ್ಲ, ಅಲ್ವಾ?

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕು ಮನೆಯ ಬೆಲೆಯ ಶೇ 80ರಷ್ಟು ಮಾತ್ರ ಕೊಡಬಹುದು. ಹಾಗಾಗಿ 4 ಲಕ್ಷದಲ್ಲಿ 3.2 ಲಕ್ಷ ಸಾಲ. ಶೇ 8.5 ಬಡ್ಡಿ, 20 ವರ್ಷ ಅಂತ ಹಿಡಿದರೆ ಪ್ರತಿ ಲಕ್ಷಕ್ಕೆ ಕಂತು ಸುಮಾರು 868 ರೂಪಾಯಿ. ಅಂದರೆ ತಿಂಗಳಿಗೆ ಸುಮಾರು 2,777 ರೂಪಾಯಿ ಜಾಸ್ತಿ. ಉಳಿದ 80 ಸಾವಿರ ನಮ್ಮ ಕೈಯಿಂದ.

ಇಷ್ಟಕ್ಕೇ ಮುಗಿಯಲಿಲ್ಲ. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಮನೆಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಶೇ 7.6. ಈ ಖರ್ಚನ್ನು ಬ್ಯಾಂಕು ಗೃಹಸಾಲದಲ್ಲಿ ಲೆಕ್ಕ ಹಿಡಿಯುವುದಿಲ್ಲ. 4 ಲಕ್ಷಕ್ಕೆ ಇದು 30,400 ರೂಪಾಯಿ. ಬ್ರೋಕರ್‌ಗೆ ಶೇ 1 ಅಂದರೂ ಇನ್ನೊಂದು 4 ಸಾವಿರ.

ಹೀಗೆ 4 ಲಕ್ಷದ ಜಗಳ ಬಿಡಿಸಿಕೊಂಡು ಎರಡು ಭಾಗವಾಯಿತು. ತಿಂಗಳಿಗೆ 2,777, ಈಗ ಕೈಯಿಂದ 1,14,400. ಅದನ್ನು ನೋಡಿ ಇಬ್ಬರ ಮುಖವೂ ಬದಲಾಯಿತು. ತಿಂಗಳ ಲೆಕ್ಕ ತಾವು ಹೆದರಿದಷ್ಟು ದೊಡ್ಡದಲ್ಲ ಅಂತ ಅವರಿಗೆ ಅನ್ನಿಸಿತು. ಕೈಯಿಂದ ಹೋಗುವುದು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಅಂತ ನನಗೆ ಗೊತ್ತಾಯಿತು. ನನ್ನ ಅಂಕಿಗೆ ಹೋದರೆ ಬಳೆ ಅಡ ಇಡಬೇಕಿತ್ತು. ಬಳೆ ಅಂದ ಕೂಡಲೇ ನನಗೂ 84 ಸ್ವಲ್ಪ ಜಾಸ್ತಿ ಅಂತ ಕಾಣಲು ಶುರುವಾಯಿತು.

ಅದೇ ಹಾಳೆಯಲ್ಲಿ 56 ಸಾವಿರದ ಕಂತಿನೊಳಗೆ ಬರುವ ಬೆಲೆ ಯಾವುದು ಅಂತ ಹಿಂದಿನಿಂದ ಲೆಕ್ಕ ಹಾಕಿದೆವು. 64.4 ಲಕ್ಷ ಸಾಲಕ್ಕೆ ಕಂತು 55,888. ಅಲ್ಲಿಗೆ ಮನೆ ಬೆಲೆ ಎಂಬತ್ತೂವರೆ ಲಕ್ಷ. ಕೈಯಿಂದ ಹಾಕಬೇಕಾದ್ದು ನೋಂದಣಿ, ಕಮಿಷನ್ ಎಲ್ಲ ಸೇರಿ 23 ಲಕ್ಷ. ಮನೆ ಸಾಗಿಸುವ ಖರ್ಚು, ಗೃಹಪ್ರವೇಶದ ಊಟ ಇದರಲ್ಲಿ ಬಂದಿಲ್ಲ.

ಹೊರಗಿನ ಅಂಕಿ ಹುಡುಕುವುದು

ಮನೆಯೊಳಗಿನ ಎರಡು ಅಂಕಿಗಳ ನಡುವೆ ಹೊರಗಿನಿಂದ ಒಂದು ಬೇಕು. ಇಲ್ಲದಿದ್ದರೆ ಯಾರ ಗಂಟಲು ದೊಡ್ಡದೋ ಅವರ ಅಂಕಿ ಗೆಲ್ಲುತ್ತದೆ. ಕೆಲಸ ಹಂಚಿಕೊಳ್ಳಿ. ನಮ್ಮಲ್ಲಿ ಕಾಗದ ಅವರದ್ದು, ಕಾಲು ನನ್ನದು.

ಕಾಗದದ ಕೆಲಸ ಶುರುವಾಗುವುದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ. ಅಲ್ಲಿ ಆ ಪ್ರದೇಶದ ಮಾರ್ಗಸೂಚಿ ಬೆಲೆ ಸಿಗುತ್ತದೆ. ಜನ ಅದನ್ನು ಗೈಡೆನ್ಸ್ ವ್ಯಾಲ್ಯೂ ಅನ್ನುತ್ತಾರೆ. ಇದು ಮಾರುಕಟ್ಟೆ ಬೆಲೆ ಅಲ್ಲ, ಸರ್ಕಾರ ಶುಲ್ಕ ಹಾಕಲು ಇಟ್ಟುಕೊಂಡ ಕನಿಷ್ಠ ಲೆಕ್ಕ. ನೀವು ಇದಕ್ಕಿಂತ ಕಡಿಮೆಗೆ ಕೊಂಡರೂ ಶುಲ್ಕ ಇದರ ಮೇಲೇ ಬೀಳುತ್ತದೆ. ತೀರಾ ಕಡಿಮೆಗೆ, ಅಂದರೆ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸದಲ್ಲಿ ಕೊಂಡರೆ ಆ ವ್ಯತ್ಯಾಸವನ್ನು ನಿಮ್ಮ ಆದಾಯ ಅಂತ ತೆರಿಗೆ ಇಲಾಖೆ ಹಿಡಿಯಬಹುದು. "ಇನ್ನೂ ಕೆಳಗೆ ಕೇಳೋಣ" ಅನ್ನುವವರಿಗೆ ಇದೊಂದು ನೆಲಗಟ್ಟು.

ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಮನೆ ಮೇಲೆ ಸಾಲ ಇದೆಯಾ ಅಂತ ನೋಡಲು ಎಲ್ಲರೂ ಇಸಿ ತೆಗೆಸುತ್ತಾರೆ, ಆದರೆ ಹೆಚ್ಚಿನವರು ತೆಗೆಸುವುದು ಬೆಲೆ ಮಾತಾಡಿದ ಮೇಲೆ. ಮೊದಲೇ ತೆಗೆಸಿ. ಈಗಿನ ಮಾಲೀಕರು ಯಾವ ವರ್ಷ, ಎಷ್ಟು ಮೊತ್ತಕ್ಕೆ ನೋಂದಣಿ ಮಾಡಿಸಿದ್ದರು ಅಂತ ಅದರಲ್ಲೇ ಇರುತ್ತದೆ. ಕಾಗದದ ಮೊತ್ತ ನಿಜವಾದ ಮೊತ್ತವೇ ಆಗಿರಬೇಕು ಅಂತೇನಿಲ್ಲ, ಕಪ್ಪು ಹಣದ ಪದ್ಧತಿ ಎಲ್ಲರಿಗೂ ಗೊತ್ತು. ಆದರೂ ಒಂದು ಅಂದಾಜು ಸಿಗುತ್ತದೆ.

ಕಾಲಿನ ಕೆಲಸ ಅಂದರೆ ಅಪಾರ್ಟ್‌ಮೆಂಟಿನ ಸುತ್ತ ಓಡಾಡುವುದು. ಜಾಹೀರಾತಿನಲ್ಲಿ ಕಾಣುವುದು ಮಾರುವವರ ಆಸೆ. ಎಷ್ಟಕ್ಕೆ ಹೋಯಿತು ಅನ್ನುವುದು ಜನರ ಬಾಯಲ್ಲಿ ಮಾತ್ರ ಇರುತ್ತದೆ. ನನಗೆ ಸಹಾಯ ಮಾಡಿದ್ದು ಗೇಟಿನ ಎದುರಿನ ಇಸ್ತ್ರಿ ಗಾಡಿಯವರು. "ಮೂರನೇ ಮಹಡಿಯವರು ಯುಗಾದಿ ಹೊತ್ತಿಗೆ ಮಾರಿದ್ರಮ್ಮ, 79 ಅಂತಿದ್ರು. ಇವರು ಮಗನ ಹತ್ರ ಹೋಗ್ತಾರೆ, ಮನೆ ಖಾಲಿ ಬೀಳುತ್ತೆ." ಎರಡು ಇಸ್ತ್ರಿ ಬಟ್ಟೆ ಖರ್ಚಿನಲ್ಲಿ ಹೊರಗಿನ ಅಂಕಿಯೂ ಸಿಕ್ಕಿತು, ಮಾರುವವರ ತುರ್ತೂ ಗೊತ್ತಾಯಿತು.

ಚದರಡಿ ಲೆಕ್ಕ ಹಾಕುವಾಗ ಎಚ್ಚರ. ಹೇಳುವುದು ಸೂಪರ್ ಬಿಲ್ಟ್‌ಅಪ್ ಅಳತೆ. ಮೆಟ್ಟಿಲು, ಲಿಫ್ಟು, ಕಾರಿಡಾರ್ ಎಲ್ಲ ಅದರಲ್ಲಿ ಸೇರಿರುತ್ತದೆ. ಎರಡು ಮನೆ ಹೋಲಿಸುವಾಗ ಕಾರ್ಪೆಟ್ ಅಳತೆಯನ್ನೇ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗವನ್ನೇ ಹೋಲಿಸಿ. ಬಚ್ಚಲ ಗೋಡೆಯ ತೇವ, ತುಕ್ಕು ಹಿಡಿದ ಪೈಪು ಕಂಡರೆ ಫೋಟೊ ತೆಗೆದಿಟ್ಟುಕೊಳ್ಳಿ. ದಕ್ಷಿಣದ ಬಾಗಿಲಾದರೆ ನಮ್ಮ ಕಡೆ ಬೆಲೆ ಸ್ವಲ್ಪ ಇಳಿಯುತ್ತದೆ. ನಿಮಗೆ ವಾಸ್ತುವಿನ ಚಿಂತೆ ಇಲ್ಲದಿದ್ದರೆ ಅದು ಲಾಭ, ಆದರೆ ಮುಂದೆ ಮಾರುವಾಗ ಅದೇ ಮಾತು ನಿಮಗೂ ಬರುತ್ತದೆ.

ಇನ್ನೊಂದು ಅಂಕಿ ಬ್ಯಾಂಕಿನ ವ್ಯಾಲ್ಯುಯರ್‌ದು. ನೀವು ಒಪ್ಪಿದ ಬೆಲೆ, ಅವರು ಕಟ್ಟಿದ ಬೆಲೆ, ಎರಡರಲ್ಲಿ ಕಡಿಮೆ ಯಾವುದೋ ಅದಕ್ಕೇ ಸಾಲ. ನೀವು 80ಕ್ಕೆ ಒಪ್ಪಿ ಅವರು 76 ಅಂದರೆ, ಸಾಲ 60.8 ಲಕ್ಷಕ್ಕೆ ಇಳಿಯುತ್ತದೆ. ಕೊರತೆ 3.2 ಲಕ್ಷ ಮತ್ತೆ ನಿಮ್ಮ ಕೈಯಿಂದಲೇ.

ಹಳೇ ಕಥೆಗಳನ್ನು ಹೊರಗೆ ತೆಗೆಯಿರಿ

ಇದಕ್ಕೆ ಕಾಗದ ಪೆನ್ನು ಬೇಡ. ರಾತ್ರಿ ಊಟ ಆದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಮನೆ ನಾಳೆ 81ಕ್ಕೆ ಬೇರೆಯವರಿಗೆ ಹೋದರೆ ಹೇಗನ್ನಿಸುತ್ತೆ? ನಾವು 84 ಕೊಟ್ಟು, ಮುಂದಿನ ತಿಂಗಳು ಪಕ್ಕದ ಫ್ಲ್ಯಾಟು 78ಕ್ಕೆ ಹೋದರೆ?

ಮೊದಲನೆಯದಕ್ಕೆ ನನ್ನ ಹೊಟ್ಟೆ ಚುರುಕ್ಕಂದಿತು. ನಮ್ಮಪ್ಪ ಒಂದು ಕಾಲದಲ್ಲಿ ಐದು ಸಾವಿರಕ್ಕೆ ಹಟ ಹಿಡಿದು ಒಂದು ಸೈಟು ಬಿಟ್ಟಿದ್ದರು. ಆಮೇಲೆ ಬಸ್ಸು ಆ ದಾರಿಯಲ್ಲಿ ಹೋದಾಗಲೆಲ್ಲ ಅಮ್ಮ ಕಿಟಕಿ ಕಡೆ ಕೈ ತೋರಿಸುತ್ತಿದ್ದರು. ಎರಡನೆಯದಕ್ಕೆ ನಮ್ಮವರು ಸುಮ್ಮನಾದರು. ಅವರ ಚಿಕ್ಕಪ್ಪ ಅವಸರದಲ್ಲಿ ರೆವಿನ್ಯೂ ಸೈಟು (ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ ಸೈಟು ಮಾಡಿ ಮಾರಿದ್ದು) ಕೊಂಡು ಖಾತಾಕ್ಕಾಗಿ ವರ್ಷಗಟ್ಟಲೆ ಅಲೆದಿದ್ದರು. ನನ್ನ 84ರ ಹಿಂದೆ ಅಮ್ಮನ ಬೆರಳು, ಅವರ 76ರ ಹಿಂದೆ ಚಿಕ್ಕಪ್ಪನ ಫೈಲು. ಇದು ಗೊತ್ತಾದ ಮೇಲೆ ದನಿ ತಾನಾಗೇ ಇಳಿಯಿತು.

ಹಿರಿಯರು ದುಡ್ಡು ಸೇರಿಸುತ್ತಿದ್ದರೆ ಅವರನ್ನು ಅಂಕಿ ಗಟ್ಟಿಯಾಗುವ ಮುಂಚೆಯೇ ಕೇಳಿ. ಮುಗಿದ ಮೇಲೆ ಹೇಳಿದರೆ, ಮಾವನವರು ಫೋನಿನಲ್ಲಿ "ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ" ಅನ್ನುವುದು ಖಂಡಿತ.

ಕೊನೇ ಮಿತಿ ಯಾರದ್ದು?

ಇಷ್ಟಾದರೂ ಅಂಕಿ ಕೂಡದಿದ್ದರೆ ನಡುಮಧ್ಯಕ್ಕೆ ಕತ್ತರಿಸುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಒಮ್ಮೆ ಹಾಗೆ ಮಾಡಿದರೆ ಮುಂದಿನ ಸಲ ಇಬ್ಬರೂ ತಮ್ಮ ಅಂಕಿಯನ್ನು ಎಳೆದು ಉದ್ದ ಮಾಡಿಯೇ ಬರೆಯುತ್ತಾರೆ. ನನ್ನ ಮಟ್ಟಿಗೆ, ಮೇಲಿನ ಮಿತಿಯಲ್ಲಿ ಕಡಿಮೆ ಹೇಳಿದವರ ಮಾತು ನಡೆಯಬೇಕು. ಸಾಲದ ಕಾಗದಕ್ಕೆ ಇಬ್ಬರ ಸಹಿ ಬೀಳುತ್ತದೆ, ಕಂತು ಇಪ್ಪತ್ತು ವರ್ಷ ಇರುತ್ತದೆ. ಜಾಸ್ತಿ ಬೇಕು ಅನ್ನುವವರು ಆ ದುಡ್ಡು ಎಲ್ಲಿಂದ ಬರುತ್ತೆ ಅಂತ ತೋರಿಸಲಿ. ನಾನು ಮಾಡ್ಯುಲರ್ ಕಿಚನ್ ಮುಂದಿನ ವರ್ಷಕ್ಕೆ ತಳ್ಳಿದೆ. ಅವರು 80ರಿಂದ ಎಂಬತ್ತೂವರೆಗೆ ಬಂದರು. ಮಿತಿ ಅಲ್ಲಿಗೆ ನಿಂತಿತು.

ಮಾತಿಗೆ ಕೂತಾಗ

ಒಬ್ಬರೇ ಅಂಕಿ ಹೇಳಬೇಕು. ಇನ್ನೊಬ್ಬರು ಮನೆ ನೋಡುತ್ತಾ ಪ್ರಶ್ನೆ ಕೇಳಲಿ, ನೀರು ಹೇಗೆ, ಮೇಂಟೆನೆನ್ಸ್ ಎಷ್ಟು ಅಂತ. ಅಂಕಿ ಬಂದಾಗ ಮುಖದಲ್ಲೂ ಏನೂ ತೋರಿಸಬಾರದು. ನನಗೆ ಇದು ಬಹಳ ಕಷ್ಟ, ಅದಕ್ಕೆ ಬಾಲ್ಕನಿಗೆ ಹೋಗಿ ನಿಂತಿದ್ದೆ. ಉತ್ತರ ಗೊತ್ತಿಲ್ಲದ ಕಡೆ "ಮನೆಗೆ ಹೋಗಿ ಮಾತಾಡಿ ಹೇಳ್ತೀವಿ" ಅನ್ನಿ. ಬ್ರೋಕರ್ ಎಷ್ಟೇ ಒಳ್ಳೆಯವರಾದರೂ ನಿಮ್ಮ ಮೇಲಿನ ಮಿತಿ ಅವರಿಗೆ ಹೇಳಬೇಡಿ. ಅವರ ಕಮಿಷನ್ ಬೆಲೆಯ ಮೇಲೇ ನಿಂತಿದೆ.

ಏರಿಸುವಾಗ ಮೆಟ್ಟಿಲು ಸಣ್ಣದಾಗುತ್ತಾ ಹೋಗಲಿ. ನಾವು 76, 78, 79, ಎಪ್ಪತ್ತೊಂಬತ್ತೂವರೆ ಹೀಗೆ ಹೋದೆವು. ದುಡ್ಡಿನಲ್ಲಿ ಇಳಿಯದವರು ಸಾಮಾನಿನಲ್ಲಿ ಇಳಿಯುತ್ತಾರೆ. ವಾರ್ಡ್‌ರೋಬು, ಗೀಸರ್, ಕವರ್ಡ್ ಪಾರ್ಕಿಂಗ್, ಖಾಲಿ ಮಾಡುವ ತಾರೀಕು, ಇವೆಲ್ಲ ಮಾತಿನೊಳಗೆ ತನ್ನಿ. ಆಷಾಢದಲ್ಲಿ ಕೊಳ್ಳುವವರು ಕಡಿಮೆ. ಮಾತು ಆಗ ಮುಗಿಸಿ, ನೋಂದಣಿ ಶ್ರಾವಣಕ್ಕೆ ಇಟ್ಟುಕೊಂಡರೆ ಅತ್ತೆಯವರಿಗೂ ಬೇಜಾರಿಲ್ಲ.

ಟೋಕನ್ ಕೊಡುವಾಗ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ಬೇಡ, ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಬ್ಯಾಂಕ್ ಮೂಲಕ ಕೊಟ್ಟು ರಸೀದಿ ತೆಗೆದುಕೊಳ್ಳಿ. ಸಾಲ ಮಂಜೂರಾಗದಿದ್ದರೆ ಟೋಕನ್ ವಾಪಸ್ ಅನ್ನುವ ಸಾಲು ಅದರಲ್ಲಿ ಇರಲಿ. ಇ-ಖಾತಾ, ಅಂದರೆ ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ ಇದೆಯಾ ನೋಡಿ, ಕಾಗದಪತ್ರ ವಕೀಲರಿಗೆ ತೋರಿಸಿ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಶೇ 1 ತೆರಿಗೆ (ಟಿಡಿಎಸ್) ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕಾದವರು ಕೊಳ್ಳುವವರೇ.

ನಮ್ಮದು ಎಂಬತ್ತೂವರೆಗೇ ಮುಗಿಯಿತು, ಎರಡು ವಾರ್ಡ್‌ರೋಬು ಸೇರಿ. ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು, ಫೋಟೊಗೆ ಕಾಯುತ್ತಾ ಕೂತಿದ್ದಾಗ ಮಾರುವವರ ಮನೆಯಾಕೆ ನನ್ನ ಪಕ್ಕ ಬಂದರು. ಬಾಳೆಹಣ್ಣಿನ ಚಿಪ್ಸ್ ಪೊಟ್ಟಣ ಮುಂದೆ ಚಾಚಿ, ಮೆಲ್ಲಗೆ ಹೇಳಿದರು: "ನಾನಂತೂ 79ಕ್ಕೇ ಕೊಟ್ಟುಬಿಡಿ ಅಂದಿದ್ದೆ ಕಣಮ್ಮ. ಇವರು ಕೇಳಬೇಕಲ್ಲ."

ನಮ್ಮವರಿಗೂ ಅದು ಕೇಳಿಸಿತು. ಇಬ್ಬರೂ ಟೋಕನ್ ನಂಬರಿನ ಬೋರ್ಡನ್ನೇ ನೋಡುತ್ತಾ ಕೂತೆವು.