ಸಾಲ ಕೊಟ್ಟವರಿಗೆ ನಾನೇ ಫೋನ್ ಮಾಡಿದೆ

ಸಾಲ ಕೊಟ್ಟವರು ಕರೆ ಮಾಡುವ ಮೊದಲು ನಾವೇ ಕರೆ ಮಾಡಬೇಕು ಎಂದು 2020ರಲ್ಲಿ ಹೇಳಿದಾಗ ಧಾರವಾಡದ ಸಪ್ತಾಪುರದಲ್ಲಿ ನನ್ನಂತೆ ಖಾನಾವಳಿ ನಡೆಸುವವರೆಲ್ಲ ನಕ್ಕರು. ‘ಓಣಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ’ ಎಂದರು ಒಬ್ಬರು. ಕಳೆದ ವರ್ಷ ನಾನು ಅಡವಿಟ್ಟ ಬಂಗಾರ ಬಿಡಿಸಿಕೊಂಡು ಬಂದ ಮೇಲೆ ಅವರೇ ‘ಹೇಗೆ ಮಾಡಿದಿರಿ’ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಧಂದೆಯ ಲೆಕ್ಕ ನಿಮಗೆ ಗೊತ್ತೇ ಇದೆ. ಆ ಮಾರ್ಚ್‌ನಲ್ಲಿ ಕೋಚಿಂಗ್ ಹುಡುಗರು ವಾರದೊಳಗೆ ಊರು ಸೇರಿದರು. ತಿಂಗಳ ಊಟದ ಬಾಕಿ ಸುಮಾರು 40 ಸಾವಿರ ಅವರೊಂದಿಗೇ ಹೋಯಿತು. ನನ್ನ ತಲೆಯ ಮೇಲಿದ್ದದ್ದು ನಾಲ್ಕು ಲಕ್ಷದ ಆಸುಪಾಸು: ಅಮರಗೋಳದ ಜೋಳದ ವ್ಯಾಪಾರಿಗೆ 70 ಸಾವಿರ, ಕಿರಾಣಿ ಉದ್ರಿ ಅದರ ಅರ್ಧ, ಬಂಗಾರದ ಮೇಲೆ ಒಂದೂವರೆ ಲಕ್ಷ, ಉಳಿದದ್ದು ಸಂಘದ ಸಾಲ, ಕೈಗಡ. ಬಾಡಿಗೆ ತಿಂಗಳಿಗೆ 12 ಸಾವಿರ ಬೇರೆ. ಕಂತನ್ನು ಆಗಸ್ಟ್ ಕೊನೆಯವರೆಗೆ ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು, ನಿಜ. ಬಡ್ಡಿ ಮಾತ್ರ ನಿಲ್ಲಲಿಲ್ಲ. ತಳ್ಳುಗಾಡಿಯವರಿಗೆ ಸ್ವನಿಧಿ ಯೋಜನೆಯ 10,000 ರೂಪಾಯಿ ಸಾಲವಾದರೂ ಬಂತು; ಬೋರ್ಡು ಹಾಕಿ ಕುಳಿತ ನಮಗೆ ಅದೂ ಇಲ್ಲ.

ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ರಾತ್ರಿ ಎರಡಕ್ಕೆ ಎದ್ದು ಗಲ್ಲಾದಿಂದ ವಹಿ ತೆಗೆದು ಅದೇ ಅಂಕಿಗಳನ್ನು ಮತ್ತೆ ಮತ್ತೆ ಕೂಡಿಸುತ್ತಿದ್ದೆ. ಕೂಡಿಸಿದರೆ ಸಾಲ ಇಳಿಯುತ್ತದೆಯೇ? ಕೊನೆಗೆ ಮನೆಯವಳು ಹಟ ಹಿಡಿದು ಇಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದಳು. ಆ ಗೇಟು ದಾಟುವುದು ಎಷ್ಟು ಕಷ್ಟ ಎಂದು ಧಾರವಾಡದವರಿಗೆ ಹೇಳಬೇಕಿಲ್ಲ. ‘ಹುಚ್ಚರ ಆಸ್ಪತ್ರೆ’ ಎಂಬ ಹಳೆಯ ಮಾತು ಇನ್ನೂ ಜನರ ಬಾಯಲ್ಲಿದೆ. ಅಂದು ಮಾಸ್ಕ್ ನನ್ನನ್ನು ಕೊರೋನಾಕ್ಕಿಂತ ಹೆಚ್ಚಾಗಿ ಪರಿಚಯದವರಿಂದ ಕಾಪಾಡಿತು. ವೈದ್ಯರು ಮಾತ್ರೆ ಬರೆದರು. ಜೊತೆಗೆ, ಚಿಂತೆಗೆಂದೇ ದಿನದಲ್ಲಿ ಒಂದು ಹೊತ್ತು ಗೊತ್ತು ಮಾಡಿ, ಬೇರೆ ಹೊತ್ತಿನಲ್ಲಿ ಬಂದ ಚಿಂತೆಯನ್ನು ಅಲ್ಲಿಗೆ ದೂಡಿ ಎಂದರು.

ಆ ಹೊತ್ತಿಗೆ ನಾನು ಸಾಲವನ್ನೂ ಜೋಡಿಸಿದೆ. ಮಧ್ಯಾಹ್ನ ನಾಲ್ಕರಿಂದ ನಾಲ್ಕೂವರೆ ವಹಿ ಮತ್ತು ಫೋನ್, ಆಮೇಲೆ ಎರಡೂ ಮುಚ್ಚಿದವು. ಪ್ರತಿ ಸೋಮವಾರ ಸಾಲ ಕೊಟ್ಟ ಎಲ್ಲರಿಗೂ ನನ್ನದೇ ಕರೆ: ‘ಸಾಹುಕಾರರೇ, ಈ ವಾರ 300 ಇದೆ, ಕಳಿಸುತ್ತೇನೆ.’ ಮೊದಲು ಪಜೀತಿಯೇ ಆಯಿತು. ‘70 ಸಾವಿರಕ್ಕೆ 300 ಕೊಟ್ಟು ಅಣಕಿಸುತ್ತೀರಾ’ ಎಂದು ಜೋಳದ ವ್ಯಾಪಾರಿ ಫೋನ್ ಇಟ್ಟೇಬಿಟ್ಟರು. ಕೈಗಡ ಕೊಟ್ಟವರೊಬ್ಬರು, ನನ್ನ ಕೈಯಲ್ಲಿ ದುಡ್ಡು ಆಡುತ್ತಿದೆ ಎಂದುಕೊಂಡು ಖಾನಾವಳಿಗೇ ಬಂದು ಕುಳಿತರು. ಕೊಡಲು ಏನೂ ಇಲ್ಲದ ವಾರವೂ ಕರೆ ತಪ್ಪಿಸಲಿಲ್ಲ. ಕೆಲಸ ಮಾಡಿದ್ದು ಅದೇ. ಸಿಟ್ಟಿಗೆದ್ದವರ ಎದುರು ಮೊದಲು ಯಾವ ಮಾತು ಆಡಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಜೋಳದ ವ್ಯಾಪಾರಿಯೂ ಇದನ್ನು ಓದುತ್ತಾರೆ.

ಎರಡು ಮೂರು ತಿಂಗಳಿಗೆ ಸಾಲ ಕೊಟ್ಟವರ ಕರೆಗಳು ನಿಂತವು. ದೀಪಾವಳಿ ಹೊತ್ತಿಗೆ ಫೋನ್ ಬಂದರೆ ಗಿರಾಕಿ ಇರಬೇಕು ಎನಿಸತೊಡಗಿತು. 2021ರ ಲಾಕ್‌ಡೌನ್‌ನಲ್ಲಿ, ಬೇರೆಯವರ ಉದ್ರಿ ನಿಲ್ಲಿಸಿದ ಅದೇ ವ್ಯಾಪಾರಿ ನನಗೆ ಎರಡು ಚೀಲ ಬಿಳಿಜೋಳ ಕಳಿಸಿದರು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ವಾರದ ದುಡ್ಡು ಹುಟ್ಟಿದ್ದು ಖಡಕ್ ರೊಟ್ಟಿಯಿಂದ. ಅದಕ್ಕೂ ಮೊದಲು ಜುಣಕದ ಒಣಪುಡಿ ಮಾಡಿ ನೋಡಿದ್ದೆ. ಹದಿನೈದು ದಿನಕ್ಕೆ ಎಣ್ಣೆ ಕಮಟಾಗಿ ಮೂರು ಸಾವಿರದ ಮಾಲು ಚರಂಡಿಗೆ ಹೋಯಿತು. ಅಗಸಿ ಚಟ್ನಿ ಬೆಂಗಳೂರಿನಲ್ಲಿ ಓಡಿತು. ರೊಟ್ಟಿಯ ಮೊದಲ ಡಬ್ಬಿ ಚೂರುಚೂರಾಗಿ ತಲುಪಿದಾಗ ಗಿರಾಕಿ ಫೋಟೋ ಕಳಿಸಿ, ‘ಚೂಡಾ ಕಳಿಸಿದ್ದೀರಾ?’ ಎಂದು ಕೇಳಿದರು. ಆಮೇಲೆ ಹಂಚಿನ ಮೇಲೆಯೇ ಬಟ್ಟೆಯಿಂದ ಒತ್ತಿ ರೊಟ್ಟಿಯನ್ನು ಸಮ ಮಾಡಿಸಿದೆ, ಸೊಟ್ಟಗಾದದ್ದನ್ನು ಬೇರೆ ಇಡಿಸಿದೆ, 25ರ ಕಟ್ಟು ಮಾಡಿಸಿದೆ. ಕಟ್ಟುಗಳ ನಡುವೆ ಏನು ಇಡುತ್ತೇನೆಂದು ಕೇಳಬೇಡಿ. ಹಿಟ್ಟು, ಉರುವಲು, ಬಡಿಯುವವರ ಕೂಲಿ ಸೇರಿ ರೊಟ್ಟಿಗೆ ಮೂರೂವರೆ ರೂಪಾಯಿ ಬೀಳುತ್ತಿತ್ತು, ಆರಕ್ಕೆ ಮಾರುತ್ತಿದ್ದೆ.

ನಿದ್ದೆ ಬಂತೆಂದು ಮಾತ್ರೆಯನ್ನು ನಾನಾಗಿ ಬಿಡಲಿಲ್ಲ. ವೈದ್ಯರೇ ಇಳಿಸುತ್ತ ಬಂದು ವರ್ಷದ ಹೊತ್ತಿಗೆ ನಿಲ್ಲಿಸಿದರು. ಆಸ್ಪತ್ರೆಯ ಗೇಟು ದಾಟಲು ಆಗದವರಿಗೆ 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416, ಪುಕ್ಕಟೆ, ಕನ್ನಡದಲ್ಲೇ ಮಾತನಾಡಬಹುದು. ಮೊನ್ನೆ ರಾಣೆಬೆನ್ನೂರಿನ ಖಾನಾವಳಿಯವರೊಬ್ಬರಿಗೆ ಆ ನಂಬರ್ ಕೊಟ್ಟೆ. ಅವರು ಅಗಸಿ ಚಟ್ನಿಯ ಅಳತೆಯನ್ನೂ ಕೇಳಿದರು. ನಂಬರ್ ಮಾತ್ರ ಕೊಟ್ಟೆ.