ತಿದ್ದಿದ ಒತ್ತಕ್ಷರ ಅಚ್ಚಿನಲ್ಲಿ ಕಾಣೆಯಾದದ್ದು

"ಹೇಳಿದ್ರೂ ತಿದ್ದಿಲ್ವಲ್ಲಮ್ಮ" ಎಂದು ಉತ್ಸವ ಸಮಿತಿಯ ಹಿರಿಯರು ಕರಪತ್ರವನ್ನು ನನ್ನ ಮೇಜಿನ ಮೇಲಿಟ್ಟರು. ಬೈಗುಳವಿಲ್ಲ, ಜೋರು ದನಿಯಿಲ್ಲ. ಕುಂಕುಮದ ಕೆಂಪಿನ ಪಟ್ಟಿಯ ಮೇಲೆ ದೊಡ್ಡ ಬಿಳಿ ಅಕ್ಷರಗಳಲ್ಲಿ ದೇವಿಯ ಹೆಸರು 'ಅಣಮ್ಮ' ಎಂದಿತ್ತು. ಣ-ಕ್ಕೆ ಒತ್ತು ಇರಲಿಲ್ಲ. ಹಿಂದಿನ ಸಂಜೆ ಇದೇ ತಪ್ಪನ್ನು ಅವರು ಬೆರಳಿಟ್ಟು ತೋರಿಸಿದ್ದರು, ನಾನು ಅವರ ಕಣ್ಣೆದುರೇ ತಿದ್ದಿದ್ದೆ. ಅಣ್ಣಮ್ಮ ದೇವಿಯನ್ನು ಬಡಾವಣೆಗೆ ಕರೆತಂದು ಕೂರಿಸಿ ಉತ್ಸವ ಮಾಡುವುದು ಬೆಂಗಳೂರಿನ ಗಲ್ಲಿಗಲ್ಲಿಗೂ ಗೊತ್ತಿರುವ ಸಂಭ್ರಮ. ಆ ಹೆಸರನ್ನೇ ತಪ್ಪಾಗಿ ಅಚ್ಚು ಹಾಕಿಸಿ ಮನೆಮನೆಗೆ ಹಂಚುವುದು ಹೇಗೆ? 130 ಜಿಎಸ್‌ಎಂ ಆರ್ಟ್ ಪೇಪರಿನಲ್ಲಿ 2,000 ಪ್ರತಿ ಬಂಡಲ್ ಕಟ್ಟಿ ಬಂದಿತ್ತು.

ಚಾಮರಾಜಪೇಟೆಯಲ್ಲಿ ನನ್ನದು ಚಿಕ್ಕ ಡಿಟಿಪಿ ಅಂಗಡಿ. ಅಚ್ಚು ಹಾಕಿಸುವುದು ಕಾಟನ್‌ಪೇಟೆಯ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ. ತಿದ್ದುವ ಮುಂಚಿನ ಹಳೇ ಕಡತವನ್ನೇ ಕಳಿಸಿಬಿಟ್ಟೆನೇನೋ ಎಂಬ ಹೆದರಿಕೆಯಿಂದ ಮೊದಲು ಪೆನ್‌ಡ್ರೈವ್ ನೋಡಿದೆ. ಅದರಲ್ಲಿದ್ದದ್ದು ಹೊಸ ಪಿಡಿಎಫ್ಫೇ. ತೆರೆದರೆ 'ಅಣ್ಣಮ್ಮ' ಸರಿಯಾಗಿಯೇ ಇದೆ, ಒತ್ತು ಬೆಳ್ಳಗೆ ಕಾಣುತ್ತಿದೆ. ಅಂಗಡಿಯ ಲೇಸರ್ ಪ್ರಿಂಟರಿನಲ್ಲಿ ತೆಗೆದ ಪ್ರತಿಯಲ್ಲೂ ಇದೆ. ವಾಟ್ಸಾಪಿನಲ್ಲಿ ಒಪ್ಪಿಗೆಗೆ ಕಳಿಸಿದ ಚಿತ್ರದಲ್ಲೂ ಇದೆ. ಪ್ರೆಸ್ಸಿನವರೇ ಏನೋ ಎಡವಟ್ಟು ಮಾಡಿದ್ದಾರೆ ಎಂದುಕೊಂಡು ಕಾಟನ್‌ಪೇಟೆಗೆ ಹೊರಟೆ.

ಬಣ್ಣದ ಅಚ್ಚಿನಲ್ಲಿ ಸಯಾನ್ (ನೀಲಿ), ಮಜೆಂಟಾ (ಗುಲಾಬಿಗೆಂಪು), ಹಳದಿ, ಕಪ್ಪು ಎಂದು ಒಂದೊಂದು ಇಂಕಿಗೂ ಒಂದೊಂದು ಪ್ಲೇಟು. ಅಲ್ಲಿ ಮೆಷಿನ್ ನೋಡಿಕೊಳ್ಳುವ ಅಣ್ಣ ಬಿಚ್ಚಿಟ್ಟಿದ್ದ ಮಜೆಂಟಾ ಪ್ಲೇಟನ್ನು ಬೆಳಕಿಗೆ ಹಿಡಿದು ತೋರಿಸಿದರು. "ಪ್ಲೇಟಲ್ಲೇ ಇಲ್ಲ ಮೇಡಂ, ನಾವೇನು ಮಾಡೋಣ?" ಭೂತಗನ್ನಡಿ ಇಟ್ಟು ನೋಡಿದೆ. ಬಿಳಿ ಅಕ್ಷರ ಬರಬೇಕಾದ ಜಾಗವೆಲ್ಲ ಪ್ಲೇಟಿನಲ್ಲಿ ಖಾಲಿ ಇತ್ತು. ಅ, ಣ, ಮ, ಮ-ದ ಒತ್ತು, ಎಲ್ಲದರ ಆಕಾರವೂ ಚೊಕ್ಕವಾಗಿ ಕತ್ತರಿಸಿಟ್ಟಂತಿತ್ತು. ಣ-ದ ಒತ್ತು ಇರಬೇಕಾದಲ್ಲಿ ಮಾತ್ರ ಗಟ್ಟಿ ಬಣ್ಣ ತುಂಬಿತ್ತು. ಹಳದಿಯ ಪ್ಲೇಟಿನಲ್ಲೂ ಹಾಗೆಯೇ. ತಪ್ಪು ಪ್ರೆಸ್ಸಿನದಲ್ಲ, ನನ್ನ ಕಡತದ್ದೇ ಎಂದು ಅಲ್ಲಿಗೆ ಖಾತ್ರಿಯಾಯಿತು.

ಅಂಗಡಿಗೆ ಬಂದು, ನಾನು ವಿನ್ಯಾಸ ಮಾಡುವ ಇಲ್ಲಸ್ಟ್ರೇಟರ್ ತಂತ್ರಾಂಶದಲ್ಲಿ ವ್ಯೂ ಮೆನುವಿನ ಓವರ್‌ಪ್ರಿಂಟ್ ಪ್ರಿವ್ಯೂ ಒತ್ತಿದೆ. ಇಂಕಿನ ಮೇಲೆ ಇಂಕು ಬಿದ್ದಾಗ ಅಚ್ಚು ಹೇಗೆ ಬರುತ್ತದೆಂದು ತೋರಿಸುವ ನೋಟ ಅದು. ಒತ್ತಕ್ಷರ ಮಾಯ! ಪ್ರಿವ್ಯೂ ತೆಗೆದೆ, ಮತ್ತೆ ಬಂತು. ನಾಲ್ಕೈದು ಸಲ ಹಾಗೇ ಮಾಡುತ್ತ ಕೂತೆ. ಇಷ್ಟು ವರ್ಷ ಆ ಮೆನುವಿನ ಹತ್ತಿರ ನಾನು ಹೋಗಿಯೇ ಇರಲಿಲ್ಲ.

ಆದದ್ದು ಇಷ್ಟು. ಶೀರ್ಷಿಕೆಯ ಅಕ್ಷರಗಳನ್ನು ನಾನು ಆಗಲೇ ಔಟ್‌ಲೈನ್ ಮಾಡಿಬಿಟ್ಟಿದ್ದೆ, ಅಂದರೆ ಅಕ್ಷರಗಳನ್ನು ಬರೀ ಆಕಾರಗಳಾಗಿ ಬದಲಿಸಿದ್ದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಚೆಲ್ಲಾಪಿಲ್ಲಿಯಾಗುತ್ತದೆಂದು ನಾವೆಲ್ಲ ಹಾಗೇ ಮಾಡುತ್ತೇವೆ. ಔಟ್‌ಲೈನ್ ಆದಮೇಲೆ ಟೈಪ್ ಮಾಡಿ ತಿದ್ದಲು ಬರುವುದಿಲ್ಲ. ಸಮಿತಿಯವರು ಎದುರಿಗೇ ಕೂತಿದ್ದರು, ಪ್ರೆಸ್ಸಿನವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಕೆಳಗೆ ಕಾರ್ಯಕ್ರಮದ ವಿವರದಲ್ಲಿ ಅಣ್ಣಮ್ಮ ಎಂದು ಕಪ್ಪಿನಲ್ಲಿ ಸರಿಯಾಗಿತ್ತು. 'ನುಡಿ' ತಂತ್ರಾಂಶದ ಫಾಂಟಿನಲ್ಲಿ ಒತ್ತು ಬೇರೆಯೇ ತುಣುಕು. ಆ ಕಪ್ಪು ಒತ್ತನ್ನು ನಕಲು ಮಾಡಿ, ಮೇಲೆ ತಂದು, ಹಿಗ್ಗಿಸಿ, ಬಿಳಿ ತುಂಬಿದೆ. ಕೆಳಗಿನ ಕಪ್ಪು ಅಕ್ಷರಗಳಿಗೆ ಆಟ್ರಿಬ್ಯೂಟ್ಸ್ ಪ್ಯಾನೆಲಿನಲ್ಲಿ ಓವರ್‌ಪ್ರಿಂಟ್ ಫಿಲ್ ಗುರುತು ಹಾಕಿದ್ದೆ. ಬಣ್ಣ ಬದಲಿಸಿದರೂ ಆ ಗುರುತು ಹೋಗುವುದಿಲ್ಲ, ತುಣುಕಿನ ಜೊತೆಗೇ ಬರುತ್ತದೆ.

ಒಂದು ಬಣ್ಣದ ಮೇಲೆ ಇನ್ನೊಂದು ಬಂದಾಗ ಕೆಳಗಿನದನ್ನು ಆ ಆಕಾರದಲ್ಲಿ ಕತ್ತರಿಸಿ ಜಾಗ ಬಿಡುವುದು ನಾಕ್‌ಔಟ್. ಕತ್ತರಿಸದೆ ಮೇಲೆಯೇ ಇಂಕು ಹಾಕುವುದು ಓವರ್‌ಪ್ರಿಂಟ್. ನಾಲ್ಕು ಬಣ್ಣದ ಅಚ್ಚಿನಲ್ಲಿ ಬಿಳಿ ಎಂಬ ಇಂಕೇ ಇಲ್ಲ. ಬಿಳಿ ಎಂದರೆ ನಾಲ್ಕೂ ಸೊನ್ನೆ, ಕಾಗದವನ್ನು ಖಾಲಿ ಬಿಡುವುದು. ಆ ಬಿಳಿಗೆ ಓವರ್‌ಪ್ರಿಂಟ್ ಇದ್ದರೆ "ಕೆಳಗಿನದನ್ನು ಕತ್ತರಿಸಬೇಡ, ಮೇಲೆ ಏನೂ ಹಾಕಬೇಡ" ಎಂದು ಹೇಳಿದಂತಾಯಿತು. ಅಚ್ಚು ಹಾಗೆಯೇ ಬಂತು. ಕಂಪ್ಯೂಟರಿನ ಪರದೆ ಬೆಳಕಿನದು, ಅಲ್ಲಿ ಬಿಳಿಯೂ ಒಂದು ಬಣ್ಣ. ಆದ್ದರಿಂದ ಪ್ರಿವ್ಯೂ ಹಾಕದಿದ್ದರೆ ಗೊತ್ತೇ ಆಗುವುದಿಲ್ಲ. ಪಿಡಿಎಫ್ ನೋಡುವ ನನ್ನ ಆಕ್ರೋಬ್ಯಾಟಿನ ಪ್ರಿಫರೆನ್ಸಸ್‌ನಲ್ಲಿ, ಪೇಜ್ ಡಿಸ್‌ಪ್ಲೇ ಅಡಿಯಲ್ಲಿ, ಓವರ್‌ಪ್ರಿಂಟ್ ಪ್ರಿವ್ಯೂ ಪಿಡಿಎಫ್/ಎಕ್ಸ್ (ಅಚ್ಚಿಗೆಂದೇ ಇರುವ ಪಿಡಿಎಫ್ ಬಗೆ) ಕಡತಗಳಿಗೆ ಮಾತ್ರ ಎಂದಿತ್ತು. ನನ್ನದು ಮಾಮೂಲಿ ಪಿಡಿಎಫ್, ಹಾಗಾಗಿ ಅದೂ ಎಚ್ಚರಿಸಲಿಲ್ಲ. ಅದೇ ದಿನ ಅಲ್ಲಿ 'ಯಾವಾಗಲೂ' ಎಂದು ಬದಲಿಸಿದೆ.

ಗುರುತು ತೆಗೆದು ಹೊಸ ಪಿಡಿಎಫ್ ಕೊಟ್ಟು ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಸಿದೆ. ಆದರೆ ಆ ಭಯದಲ್ಲಿ ಎರಡನೇ ತಪ್ಪು ಮಾಡಿದೆ. ಓವರ್‌ಪ್ರಿಂಟ್ ಅನ್ನುವುದೇ ಬೇಡ ಎಂದು ಮುಂದಿನ ಕಡತಗಳಲ್ಲೆಲ್ಲ ತೆಗೆಯುತ್ತ ಹೋದೆ. ಮುಂದೆ ಬಂದದ್ದು ಒಂದು ಗೃಹಪ್ರವೇಶದ ಪತ್ರಿಕೆ, ತಿಳಿ ಹಳದಿ-ಹಸಿರು ಹಿನ್ನೆಲೆಯ ಮೇಲೆ ಸಣ್ಣ ಕಪ್ಪು ಅಕ್ಷರ. ಅಚ್ಚಾಗಿ ಬಂದಾಗ ಪ್ರತಿ ಅಕ್ಷರದ ಒಂದು ಮಗ್ಗುಲಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ. ನಮ್ಮ ಲಿಪಿಯಲ್ಲಿ ಈ ತೊಂದರೆ ಹೆಚ್ಚು. ತಲಕಟ್ಟು, ಕೊಂಬು, ಸುಳಿ, ಅದರ ಕೆಳಗೆ ಪುಟ್ಟ ಒತ್ತು, ಎಲ್ಲ ತೆಳು ಬಾಗು. ಹಿನ್ನೆಲೆಯನ್ನು ಆ ಆಕಾರಕ್ಕೆ ಕತ್ತರಿಸಿ ಅದರೊಳಗೆ ಕಪ್ಪನ್ನು ಕೂರಿಸಬೇಕಾದರೆ ನಾಲ್ಕೂ ಪ್ಲೇಟು ಕರಾರುವಾಕ್ಕಾಗಿ ಒಂದರ ಮೇಲೊಂದು ಬೀಳಬೇಕು. ಕಾಗದ ನೀರು ಕುಡಿದು ಹಿಗ್ಗುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಪಾಲು ಸರಿದರೂ ಸಣ್ಣ ಅಕ್ಷರದಲ್ಲಿ ಕಣ್ಣಿಗೆ ಬೀಳುತ್ತದೆ. ಅದಕ್ಕೇ 100 ಪರ್ಸೆಂಟ್ ಕಪ್ಪಿನ ಸಣ್ಣ ಅಕ್ಷರಕ್ಕೆ ಓವರ್‌ಪ್ರಿಂಟ್ ಬೇಕೇ ಬೇಕು. ಹಿನ್ನೆಲೆ ಇಡಿಯಾಗಿ ಇರುತ್ತದೆ, ಕಪ್ಪು ಅದರ ಮೇಲೆ ಬೀಳುತ್ತದೆ, ತುಸು ಸರಿದರೂ ಬಿಳಿ ಇಣುಕುವುದಿಲ್ಲ. ಒತ್ತಕ್ಷರವನ್ನು ನುಂಗಿದ ಅದೇ ಗುರುತು ಇಲ್ಲಿ ಒತ್ತಕ್ಷರವನ್ನು ಕಾಪಾಡುತ್ತದೆ.

ಕಪ್ಪು ಎಂದರೆ ಇಲ್ಲಿ ಕಪ್ಪು ಇಂಕು ಒಂದೇ. ಆರ್‌ಜಿಬಿಯಲ್ಲಿ (ಪರದೆಯ ಕೆಂಪು-ಹಸಿರು-ನೀಲಿ ಬಣ್ಣಪದ್ಧತಿ) ಮಾಡಿ ತಂದ ಕಪ್ಪು ಸಿಎಂವೈಕೆಗೆ (ಅಚ್ಚಿನ ನಾಲ್ಕು ಇಂಕಿನ ಪದ್ಧತಿ) ತಿರುಗಿದಾಗ ನಾಲ್ಕೂ ಇಂಕಿಗೆ ಹಂಚಿಹೋಗುತ್ತದೆ. ಆಗ ಸಣ್ಣ ಅಕ್ಷರದ ಸುತ್ತ ಬಣ್ಣದ ನೆರಳು ಕಾಣುತ್ತದೆ. ಗಿರಾಕಿ ಬೇರೆಲ್ಲೋ ಮಾಡಿಸಿ ತಂದ ಕಡತವಾದರೆ ನಾನು ಮೊದಲು ನೋಡುವುದು ಇದನ್ನೇ. ದೊಡ್ಡ ಕಪ್ಪು ಪಟ್ಟಿ ಅರ್ಧ ಫೋಟೋ ಮೇಲೂ ಅರ್ಧ ಖಾಲಿ ಕಾಗದದ ಮೇಲೂ ಬಂದರೆ ಅದಕ್ಕೆ ಓವರ್‌ಪ್ರಿಂಟ್ ಬೇಡ, ಫೋಟೋದ ಅಂಚು ಕಪ್ಪಿನೊಳಗಿಂದ ತೋರುತ್ತದೆ.

ಇಷ್ಟು ವರ್ಷ ಇದು ನನಗೆ ಯಾಕೆ ಗೊತ್ತಾಗಲಿಲ್ಲ ಎಂದು ಹಳೇ ಕಡತಗಳನ್ನು ತೆರೆದು ನೋಡಿದೆ. ನವೆಂಬರ್ ಬಂತೆಂದರೆ ನನ್ನ ಕೆಲಸವೆಲ್ಲ ರಾಜ್ಯೋತ್ಸವದ ಹಳದಿ-ಕೆಂಪು. ಹಳದಿ 100, ಅದರ ಮೇಲೆ ಮಜೆಂಟಾ 100 ಮತ್ತು ಹಳದಿ 100 ಸೇರಿದ ಕೆಂಪು. ಕೆಂಪಿನೊಳಗೇ ಹಳದಿ ಪೂರ್ತಿ ಇರುವುದರಿಂದ ಓವರ್‌ಪ್ರಿಂಟ್ ಇದ್ದರೂ ಇಲ್ಲದಿದ್ದರೂ ಅಚ್ಚು ಒಂದೇ ಥರ ಬರುತ್ತದೆ. ಹಳೇ ಪೋಸ್ಟರುಗಳಲ್ಲಿ ಅಲ್ಲಲ್ಲಿ ಬೇಡದ ಗುರುತು ಇತ್ತು, ನಾಡಧ್ವಜದ ಬಣ್ಣ ಅದನ್ನು ಮುಚ್ಚಿಕೊಂಡಿತ್ತು. ಅದೇ ಹಳದಿಯ ಮೇಲೆ ನೀಲಿ ಅಕ್ಷರ ಇಟ್ಟಿದ್ದರೆ ಹಸಿರಾಗಿ ಬಂದು ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಇನ್ನೊಂದು ಗೊಂದಲವೂ ಬಿಡಿಸಬೇಕಿತ್ತು. ಅದೇ ಹಳೇ ಪಿಡಿಎಫ್ ಒಂದು ಡಿಜಿಟಲ್ ಪ್ರೆಸ್ಸಿನಲ್ಲಿ ಒತ್ತಕ್ಷರ ಸಮೇತ ಬಂತು. ಪಿಡಿಎಫ್‌ನೊಳಗೆ ಓವರ್‌ಪ್ರಿಂಟ್ ಮೋಡ್ ಎಂಬ ಸೆಟ್ಟಿಂಗ್ ಇರುತ್ತದೆ. ಅದು 1 ಆಗಿದ್ದರೆ, ಮೇಲಿನ ಬಣ್ಣದಲ್ಲಿ ಸೊನ್ನೆ ಇರುವ ಇಂಕಿನ ಮಟ್ಟಿಗೆ ಕೆಳಗಿನದು ಉಳಿಯುತ್ತದೆ. 0 ಆಗಿದ್ದರೆ ಆ ಸೊನ್ನೆಯೇ ಕೆಳಗಿನದನ್ನು ಅಳಿಸುತ್ತದೆ. ಇದರ ಮೇಲೆ, ಕಡತದ ಗುರುತುಗಳನ್ನು ಬದಿಗಿಟ್ಟು ಪ್ರೆಸ್ಸಿನ ರಿಪ್ಪು (ಕಡತವನ್ನು ಅಚ್ಚಿನ ಚುಕ್ಕಿಗಳಾಗಿ ಬದಲಿಸುವ ತಂತ್ರಾಂಶ) ತನ್ನದೇ ಸೆಟ್ಟಿಂಗ್ ಹಾಕಿಕೊಳ್ಳುವುದೂ ಉಂಟು. ಹಾಗಾಗಿ ಒಂದು ಕಡೆ ಸರಿ ಬಂದದ್ದನ್ನು ನಂಬಿ ಇನ್ನೊಂದು ಕಡೆ ಅಚ್ಚಿಗೆ ಬಿಡುವುದನ್ನು ನಿಲ್ಲಿಸಿದೆ.

ಇನ್ನೊಂದು ವಿನ್ಯಾಸ ತಂತ್ರಾಂಶವಾದ ಕೋರೆಲ್‌ಡ್ರಾದಲ್ಲಿ ಕೆಲಸ ಮಾಡುವ ಗೆಳೆಯರಿಗೆ: ಅಲ್ಲಿ ವಸ್ತುವಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಓವರ್‌ಪ್ರಿಂಟ್ ಫಿಲ್, ಓವರ್‌ಪ್ರಿಂಟ್ ಔಟ್‌ಲೈನ್ ಸಿಗುತ್ತದೆ, ವ್ಯೂ ಮೆನುವಿನಲ್ಲಿ ಸಿಮ್ಯುಲೇಟ್ ಓವರ್‌ಪ್ರಿಂಟ್ಸ್ ಇದೆ. ಇಲ್ಲಸ್ಟ್ರೇಟರಿನ ಹೊಸ ಆವೃತ್ತಿಗಳಲ್ಲಿ ಡಾಕ್ಯುಮೆಂಟ್ ಸೆಟಪ್‌ನಲ್ಲಿ ಡಿಸ್ಕಾರ್ಡ್ ವೈಟ್ ಓವರ್‌ಪ್ರಿಂಟ್ (ಬಿಳಿಗೆ ಇರುವ ಓವರ್‌ಪ್ರಿಂಟ್ ಗುರುತನ್ನು ಕೈಬಿಡುವುದು) ಎಂಬ ಆಯ್ಕೆ ಇದೆ. ಅದನ್ನು ಹಾಕಿಟ್ಟಿರುತ್ತೇನೆ, ಆದರೆ ಅದೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ವರ್ಷಗಳಿಂದ ನಕಲು ಮಾಡಿಕೊಂಡು ಬಂದ ಕಡತದಲ್ಲಿ ಯಾವ ಸೆಟ್ಟಿಂಗ್ ಹೇಗಿದೆಯೋ ನೋಡಿಯೇ ತಿಳಿಯಬೇಕು. ಮದುವೆ ಪತ್ರಿಕೆಗೆ ಸ್ಪಾಟ್ ಯುವಿ (ಬೇಕಾದ ಕಡೆ ಮಾತ್ರ ಹೊಳಪಿನ ಲೇಪ) ಮಾಡಿಸುವಾಗ ಮಾತ್ರ ಲೆಕ್ಕ ತಿರುಗಮುರುಗ. ಯುವಿಯ ಪದರವನ್ನು ನಾಲ್ಕು ಇಂಕಿನ ಹೊರಗಿನ ಪ್ರತ್ಯೇಕ ಬಣ್ಣವಾಗಿ (ಸ್ಪಾಟ್ ಬಣ್ಣ) ಇಟ್ಟು ಓವರ್‌ಪ್ರಿಂಟ್ ಹಾಕಲೇಬೇಕು, ಇಲ್ಲದಿದ್ದರೆ ಕೆಳಗಿನ ಗಣಪತಿಯ ಚಿತ್ರವೇ ಆ ಆಕಾರದಲ್ಲಿ ಕತ್ತರಿಸಿಹೋಗುತ್ತದೆ.

ಈಗ ಪ್ರೆಸ್ಸಿಗೆ ಕಳಿಸುವ ಮುನ್ನ ಆಕ್ರೋಬ್ಯಾಟಿನ ಔಟ್‌ಪುಟ್ ಪ್ರಿವ್ಯೂ ತೆರೆಯುತ್ತೇನೆ. ಕಲರ್ ವಾರ್ನಿಂಗ್ಸ್‌ನಲ್ಲಿ ಶೋ ಓವರ್‌ಪ್ರಿಂಟಿಂಗ್ ಹಾಕಿದರೆ ಗುರುತಿರುವುದೆಲ್ಲ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಎದ್ದು ಕಾಣುವುದು ಕಪ್ಪು ಅಕ್ಷರ, ಸ್ಪಾಟ್ ಯುವಿ ಇದ್ದರೆ ಅದರ ಪದರ, ಇಷ್ಟು ಮಾತ್ರ ಆಗಿರಬೇಕು. ಆಮೇಲೆ ಸೆಪರೇಷನ್ಸ್‌ಗೆ (ಒಂದೊಂದು ಇಂಕನ್ನೂ ಬೇರೆಯಾಗಿ ತೋರಿಸುವ ಪಟ್ಟಿ) ಬಂದು ಮೂರು ಬಣ್ಣ ಮರೆಮಾಡಿ, ಒಂದೊಂದೇ ಪ್ಲೇಟಿನಲ್ಲಿ ಪಠ್ಯವನ್ನು ಓದುತ್ತೇನೆ. ಬಿಳಿ ಅಕ್ಷರ ಹಿನ್ನೆಲೆಯ ಬಣ್ಣವಿರುವ ಪ್ರತಿ ಪ್ಲೇಟಿನಲ್ಲೂ ಖಾಲಿ ಜಾಗವಾಗಿ ಕಾಣಬೇಕು. ಔಟ್‌ಲೈನ್ ಆದಮೇಲೆ ತಪ್ಪು ಸಿಕ್ಕರೆ ತುಣುಕು ಅಂಟಿಸುವುದಿಲ್ಲ. ಔಟ್‌ಲೈನ್ ಮಾಡದ ಪ್ರತಿಯನ್ನು ಪ್ರತಿ ಕೆಲಸಕ್ಕೂ ಬೇರೆಯಾಗಿ ಇಟ್ಟಿರುತ್ತೇನೆ, ಅದರಲ್ಲೇ ಟೈಪ್ ಮಾಡಿ ತಿದ್ದುತ್ತೇನೆ. ಗಿರಾಕಿ ಎದುರಿಗೆ ಕಾಯುತ್ತಿದ್ದರೂ ಇದಕ್ಕೆ ಹತ್ತು ನಿಮಿಷ ಕೇಳುತ್ತೇನೆ.

ಎರಡನೇ ಸಲ ಪ್ಲೇಟ್ ಹೊರಬಂದಾಗ ನಾನು ಕಾಟನ್‌ಪೇಟೆಯಲ್ಲೇ ಇದ್ದೆ. ಮೆಷಿನ್ನಿನ ಅಣ್ಣ ಮಾತಾಡದೆ ಭೂತಗನ್ನಡಿಯನ್ನು ನನ್ನ ಕೈಗಿತ್ತರು. ಮಜೆಂಟಾದ ಗಟ್ಟಿ ಪಟ್ಟಿಯ ನಡುವೆ, ಣ-ದ ಅಡಿಯಲ್ಲಿ, ಒತ್ತಿನ ಪುಟ್ಟ ಬಾಗು ಖಾಲಿಯಾಗಿ ಚೊಕ್ಕವಾಗಿ ಕೂತಿತ್ತು.