ಅಳಿಸಿದ ಒಂದು ವೈರು

ಕಳೆದ ವರ್ಷ ನಾನು ತೆಗೆದ ಒಂದು ಫೋಟೊಗೆ ಸ್ಪರ್ಧೆಯೊಂದರಲ್ಲಿ ಮೆಚ್ಚುಗೆ ಪ್ರಶಸ್ತಿ ಬಂತು. ಮೊದಲನೆಯದಲ್ಲ, ಎರಡನೆಯದೂ ಅಲ್ಲ. ಆದರೂ 16 ವರ್ಷ ಇದೇ ಕಸುಬು ಮಾಡಿದವನಿಗೆ ಅದು ಸಣ್ಣ ಸಂಗತಿಯಲ್ಲ. ಹೇಗೆ ತೆಗೆದಿರಿ ಎಂದು ಕೇಳಿದವರಿಗೆಲ್ಲ ‘ಅದೃಷ್ಟ’ ಅಂದು ಜಾರಿಕೊಳ್ಳುತ್ತಿದ್ದೆ. ನಡೆದದ್ದು ಬೇರೆ.

ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆಯೊಂದಕ್ಕೆ ವಾರ್ಷಿಕ ವರದಿಗಾಗಿ 12 ಚಿತ್ರ ಬೇಕಿತ್ತು. ಹೊಸ ಯಂತ್ರ, ಗುಡಿಸಿ ಒರೆಸಿದ ನೆಲ, ಹೆಲ್ಮೆಟ್ ಹಾಕಿಕೊಂಡು ನಗುವ ನೌಕರರು, ಹೀಗೆ ಒಂದು ಪಟ್ಟಿ ಕೊಟ್ಟಿದ್ದರು. ಇಂಥ ಪಟ್ಟಿಗಳನ್ನು ನಾನು ಹೀಯಾಳಿಸುವವನಲ್ಲ, ನನ್ನ ಮನೆ ನಡೆಯುವುದೇ ಅವುಗಳಿಂದ. ಮೊದಲ ದಿನ ಪಟ್ಟಿ ಮುಗಿಸಿಕೊಟ್ಟೆ. ಎರಡನೆಯ ದಿನ ಸಂಜೆ ಎರಕ ಹೊಯ್ಯುವ ಹೊತ್ತಿಗೆ ನಿಂತುಕೊಳ್ಳಲೇ ಎಂದು ಕೇಳಿದೆ. ಸುರಕ್ಷತಾ ಅಧಿಕಾರಿ ನನ್ನ ನೈಲಾನ್ ಜಾಕೆಟ್ ನೋಡಿ ಬೇಡವೆಂದು ತಲೆಯಾಡಿಸಿದರು. ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಅವರೇ ಒಂದು ದಪ್ಪ ಹತ್ತಿಯ ಅಂಗಿ ಕೊಟ್ಟು, ನೆಲದ ಮೇಲೆ ಗೆರೆ ತೋರಿಸಿ, ಇದನ್ನು ದಾಟಬೇಡಿ ಅಂದರು. ಉದ್ದದ ಲೆನ್ಸ್ ಹಾಕಿಕೊಂಡು ಗೆರೆಯ ಈಚೆಗೇ ನಿಂತೆ.

ಕರಗಿದ ಕಬ್ಬಿಣದ ಫೋಟೊ ತೆಗೆಯುವುದು ಅಂದುಕೊಂಡಷ್ಟು ಸಲೀಸಲ್ಲ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಅಲ್ಲಿ ದಾರಿ ತಪ್ಪುತ್ತದೆ. ಧಾರೆ ಚೌಕಟ್ಟಿನ ತುಂಬ ಇದ್ದರೆ ಉಳಿದದ್ದೆಲ್ಲ ಕಪ್ಪು, ಧಾರೆ ಮೂಲೆಯಲ್ಲಿದ್ದರೆ ಅದು ಬಿಳಿ ಕಾಗದದ ಚೂರಿನಂತೆ ಬಣ್ಣಗೆಟ್ಟು ಬರುತ್ತದೆ. ಹಾಗಾಗಿ ಮ್ಯಾನ್ಯುಯಲ್‌ನಲ್ಲಿಟ್ಟು, ಧಾರೆಯ ಕೆಂಪು ಹಳದಿ ಉಳಿಯುವಷ್ಟು ಎಕ್ಸ್‌ಪೋಶರ್ ಇಳಿಸಿದೆ. ಕೆಲಸಗಾರನ ಭುಜ ಬಹುತೇಕ ಕತ್ತಲಲ್ಲಿ ಮುಳುಗಿತು. ರಾ ಫೈಲ್, ಅಂದರೆ ಕ್ಯಾಮೆರಾ ದಾಖಲಿಸಿದ ಮೂಲ ಫೈಲ್, ಇದ್ದರೆ ಕತ್ತಲಿನಿಂದ ಆಮೇಲೆ ಏನಾದರೂ ಎತ್ತಿಕೊಳ್ಳಬಹುದು, ಸುಟ್ಟು ಬೆಳ್ಳಗಾದದ್ದರಲ್ಲಿ ಎತ್ತಲು ಏನೂ ಇರುವುದಿಲ್ಲ.

ಶಟರ್ ವೇಗವನ್ನು ಸೆಕೆಂಡಿನ 1/100ಕ್ಕೆ ಕಟ್ಟಿಹಾಕಿದ್ದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅದಕ್ಕಿಂತ ವೇಗಕ್ಕೆ ಹೋದರೆ ಚಿತ್ರದ ಮೇಲೆ ಪಟ್ಟೆ ಮೂಡುವ ಭಯ. ಆ ವೇಗದಲ್ಲಿ ಕಿಡಿಗಳು ಚುಕ್ಕಿಗಳಾಗದೆ ಸಣ್ಣ ಗೆರೆಗಳಾಗಿ ಬಂದದ್ದು ಮಾತ್ರ ನಾನು ಲೆಕ್ಕ ಹಾಕಿರದ ಲಾಭ. ಇನ್ನು ಬಣ್ಣ. ಕಬ್ಬಿಣ ಹೊಯ್ಯುವುದು ಸುಮಾರು 1,400 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಹೆಚ್ಚುಕಡಿಮೆ 1,700 ಕೆಲ್ವಿನ್. ಬೆಳಕಿನ ಬಣ್ಣವನ್ನು ಸರಿದೂಗಿಸುವ ನನ್ನ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 2,500 ಕೆಲ್ವಿನ್‌ಗಿಂತ ಕೆಳಗೆ ಇಳಿಯುವುದೇ ಇಲ್ಲ. ಏನೇ ತಿಣುಕಿದರೂ ಧಾರೆ ಕಿತ್ತಳೆಯಾಗಿಯೇ ಉಳಿಯುತ್ತದೆ. ಅದನ್ನು ಅದರ ಪಾಡಿಗೆ ಬಿಟ್ಟು, ಮೇಲಿನ ದೀಪದ ಬೆಳಕಿಗೆ ಹೊಂದಿಸಿಕೊಂಡೆ.

ಸುಮಾರು 140 ಫ್ರೇಮುಗಳಲ್ಲಿ ಒಂದು ಮಾತ್ರ ನಿಂತಿತು. ಅದರಲ್ಲಿ ಆ ಕೆಲಸಗಾರ ಕರಗಿದ ಕಬ್ಬಿಣ ತುಂಬಿದ ಪಾತ್ರೆಯಾದ ಲ್ಯಾಡಲ್‌ನ ಚಕ್ರ ತಿರುಗಿಸುತ್ತ, ಮುಖಕವಚದೊಳಗಿಂದ ಧಾರೆಯನ್ನಲ್ಲ, ಅಚ್ಚಿನ ಬಾಯನ್ನು ನೋಡುತ್ತಿದ್ದಾರೆ. ಚಿತ್ರದ ಬಲಗಡೆ ಮೇಲಿನಿಂದ ಒಂದು ಕಪ್ಪು ವೈರು ನೇತಾಡುತ್ತಿತ್ತು.

ಕಂಪನಿಗೆ ಆ ಚಿತ್ರ ಹಿಡಿಸಲಿಲ್ಲ. ಕತ್ತಲು ಜಾಸ್ತಿ ಅಂದರು. ವೈರು ತೆಗೆದು, ಸ್ವಲ್ಪ ಬೆಳಕು ಮಾಡಿ ಕೊಡಿ, ನೋಡೋಣ ಅಂದರು. ತೆಗೆದುಕೊಟ್ಟೆ. ಹತ್ತು ನಿಮಿಷದ ಕೆಲಸ. ಕೊನೆಗೆ ವರದಿಯ ಒಳಪುಟದಲ್ಲಿ ಅಂಚೆಚೀಟಿಗಿಂತ ತುಸು ದೊಡ್ಡದಾಗಿ ಅಚ್ಚಾಯಿತು.

ನನ್ನನ್ನು ಉಳಿಸಿದ್ದು ಕಾಂಟ್ರಾಕ್ಟಿನ ಒಂದು ಸಾಲು: ವರದಿಗೂ ಅವರ ಜಾಹೀರಾತಿಗೂ ಒಂದು ವರ್ಷದ ಲೈಸೆನ್ಸ್, ಕಾಪಿರೈಟ್ ನನ್ನದು. ಮೊದಲ ಆರು ವರ್ಷ ನಾನು ಇದನ್ನು ಬರೆಸುತ್ತಲೇ ಇರಲಿಲ್ಲ. ಕೆಲಸ ಸಿಕ್ಕಿದ್ದೇ ಸಾಕು ಎನ್ನುವ ಕಾಲ ಅದು, ಆಗ ತೆಗೆದ ಎಷ್ಟೋ ಒಳ್ಳೆಯ ಚಿತ್ರಗಳು ಇಂದು ನನ್ನವಲ್ಲ. 1947ರಲ್ಲಿ ಫೋಟೊಗ್ರಾಫರರಾದ ಕಾರ್ಟಿಯೆ ಬ್ರೆಸ್ಸಾಂ, ರಾಬರ್ಟ್ ಕಾಪಾ ಮತ್ತಿತರರು ಸೇರಿ ಮ್ಯಾಗ್ನಮ್ ಎಂಬ ತಮ್ಮದೇ ಫೋಟೊ ಸಂಸ್ಥೆ ಕಟ್ಟಿದ್ದರ ಹಿಂದೆ ಇದೇ ಹಟವಿತ್ತು: ಚಿತ್ರದ ಹಕ್ಕು ಪತ್ರಿಕೆಗಲ್ಲ, ತೆಗೆದವರಿಗೆ ಉಳಿಯಬೇಕು. ನನಗೆ ಅದು ಅರ್ಥವಾಗಿದ್ದು ಕಳಕೊಂಡ ಮೇಲೆ.

ಲೈಸೆನ್ಸ್ ಅವಧಿ ಮುಗಿದ ಮೇಲೆ, ಕಾರ್ಖಾನೆಗೂ ಒಂದು ಮಾತು ತಿಳಿಸಿ, ಆ ಚಿತ್ರವನ್ನು ಒಂದು ಪತ್ರಿಕೆಗೆ ಕಳಿಸಿದೆ. ಅದಕ್ಕೆ ಮುಂಚೆ ಆ ಕೆಲಸಗಾರರ ಲಿಖಿತ ಒಪ್ಪಿಗೆ ಪಡೆದೆ. “ನನ್ನ ಮುಖವೇ ಕಾಣ್ತಿಲ್ಲವಲ್ಲ ಸರ್, ಒಪ್ಪಿಗೆ ಯಾತಕ್ಕೆ?” ಎಂದು ನಕ್ಕರು. ಮನೆಯವರು ನಿಂತ ಭಂಗಿಯಲ್ಲೇ ಗುರುತು ಹಿಡಿಯುತ್ತಾರೆ ಅಂದೆ. ಸಹಿ ಹಾಕಿದರು.

ಪತ್ರಿಕೆಯವರು ಎರಡು ಪುಟದುದ್ದಕ್ಕೂ ಹಾಕುವುದಾಗಿ ಹೇಳಿದಾಗ ಖುಷಿಯ ಜೊತೆಗೆ ಲೆಕ್ಕವೂ ಶುರುವಾಯಿತು. ಎ4 ಅಳತೆಯ ಎರಡು ಪುಟಕ್ಕೆ, ಇಂಚಿಗೆ 300 ಪಿಕ್ಸೆಲ್‌ನಂತೆ, ಸುಮಾರು 4,960 ಅಡ್ಡ, 3,510 ಉದ್ದ ಬೇಕು. ನನ್ನ ಫೈಲ್ 6,000ಕ್ಕೆ 4,000. ಕ್ರಾಪ್ ಮಾಡಲು ಉಳಿದದ್ದು ಅಲ್ಪಸ್ವಲ್ಪ. ಮೊದಲ ವಿನ್ಯಾಸದಲ್ಲಿ ಆತನ ಮುಖಕವಚ ಸರಿಯಾಗಿ ನಡುಮಡಿಕೆಯಲ್ಲಿ ಬಿದ್ದಿತ್ತು. ಪುಟ ವಿನ್ಯಾಸ ಮಾಡುತ್ತಿದ್ದವರು ನಾನು ಬಾಯಿ ತೆರೆಯುವ ಮೊದಲೇ ಚಿತ್ರವನ್ನು ಎಡಕ್ಕೆ ಸರಿಸಿದರು. ಸರಿಸಿದಾಗ ವೈರು ಬಲಪುಟದಲ್ಲಿ ಒಂಟಿಯಾಗಿ ಇಳಿಬಿದ್ದು, ಪುಟಕ್ಕೆ ಒಂದು ತೂಕ ಬಂತು. ನನಗೆ ಅದು ಹೊಳೆದೇ ಇರಲಿಲ್ಲ. ಪ್ರೂಫ್ ನೋಡಿದಾಗ ಕಿತ್ತಳೆ ಮಂಕಾಗಿತ್ತು. ಪರದೆ ತೋರಿಸುವ ಅಷ್ಟು ಗಾಢ ಕಿತ್ತಳೆಯನ್ನು ಮುದ್ರಣದ ನಾಲ್ಕು ಶಾಯಿಗಳು ಕೊಡಲಾರವು. ಸುತ್ತಲಿನ ಕತ್ತಲನ್ನು ಒಂದಿಷ್ಟು ನೀಲಿಗೆ ತಿರುಗಿಸಿದಾಗ ಕಿತ್ತಳೆ ಮತ್ತೆ ಉರಿಯಿತು.

ಸ್ಪರ್ಧೆಗೆ ಕಳಿಸುವಾಗ ಕೈ ನಡುಗಿದ್ದು ನಿಜ. ನನ್ನ ಬಳಿ ಎರಡು ಫೈಲುಗಳಿದ್ದವು, ವೈರು ಇದ್ದದ್ದು, ಇಲ್ಲದ್ದು. ಹೆಸರು ಒಂದೇ, ಕೊನೆಯ ಅಂಕಿ ಮಾತ್ರ ಬೇರೆ. 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಚಿತ್ರವೊಂದನ್ನು, ಹಿನ್ನೆಲೆಯಲ್ಲಿದ್ದ ಯಾರದೋ ಪಾದದ ತುಣುಕು ಅಳಿಸಿದ್ದಕ್ಕಾಗಿ ಅನರ್ಹಗೊಳಿಸಿದ್ದರು. 2015ರಲ್ಲಿ ಅದೇ ಸ್ಪರ್ಧೆಯ ಕೊನೆಯದಕ್ಕೆ ಮುಂಚಿನ ಸುತ್ತು ತಲುಪಿದ್ದ ಚಿತ್ರಗಳಲ್ಲಿ ಶೇ. 20ರಷ್ಟು, ತಿದ್ದಿದ ಕಾರಣಕ್ಕೆ ಹೊರಬಿದ್ದವು. ನಾನು ಕಳಿಸಿದ್ದು ಅಷ್ಟು ದೊಡ್ಡ ಸ್ಪರ್ಧೆಗಲ್ಲ, ಆದರೆ ನಿಯಮ ಅದೇ. ಮೂರು ಸಲ ಹೆಸರು ನೋಡಿ, ವೈರು ಇರುವುದನ್ನೇ ಕಳಿಸಿದೆ. ಎರಡು ತಿಂಗಳ ಬಳಿಕ ರಾ ಫೈಲ್ ಕೊಡಿ ಎಂದು ಮೇಲ್ ಬಂದಾಗ, ಒಳಗೊಳಗೇ ಗೊತ್ತಾಯಿತು, ಏನೋ ಆಗುತ್ತಿದೆ ಎಂದು. ಆ ಇಡೀ ಸಂಜೆಯ ಫೈಲುಗಳು ಎರಡು ಡಿಸ್ಕುಗಳಲ್ಲಿ ಭದ್ರವಾಗಿದ್ದವು.

ಪ್ರಶಸ್ತಿ ಬಂದ ವಾರ ಒಂದು ಪ್ರಿಂಟ್ ಮಾಡಿಸಿ, ಚೌಕಟ್ಟು ಹಾಕಿಸಿ, ಆ ಕೆಲಸಗಾರರಿಗೆ ಕೊಡಲು ಹೋದೆ. ಬಹಳ ಹೊತ್ತು ನೋಡಿದರು. ಆಮೇಲೆ ಬಲಗಡೆಯ ಮೇಲಿನ ಮೂಲೆಗೆ ಬೆರಳಿಟ್ಟರು.

“ಸರ್, ಇಲ್ಲಿ ಕ್ರೇನಿನ ಸ್ವಿಚ್ಚಿನ ವೈರು ಇರಬೇಕಿತ್ತಲ್ಲ? ಅದಿಲ್ಲದೆ ಈ ಲ್ಯಾಡಲ್ ಮೇಲೆ ಏಳೋದು ಹೇಗೆ?”

ಸ್ಪರ್ಧೆಗೆ ಮೂರು ಸಲ ನೋಡಿದವನು, ಪ್ರಿಂಟಿಗೆ ಕೊಡುವಾಗ ಒಂದು ಸಲವೂ ಹೆಸರು ನೋಡಿರಲಿಲ್ಲ. ಚೌಕಟ್ಟು ವಾಪಸ್ ತಂದು, ಮರುದಿನ ಸರಿಯಾದದ್ದನ್ನು ಹಾಕಿಸಿಕೊಂಡು ಹೋದೆ.